ಮೆಲ್ಲಕ್ಕ ಆರಿಸಿದ ಮೂರು ಹಾಡು

ಆ ಮನೆಯ ಊಟದ ಮೇಜಿನ ಮೇಲೆ ಮೂರು ದಿನದಿಂದ ಯುದ್ಧ ನಡೆಯುತ್ತಿತ್ತು. ಒಂದು ಕಡೆ ಬೆನ್ನು ಕಿತ್ತುಹೋದ, ಇನ್ನೂರ ಎಪ್ಪತ್ತು ಹಾಡುಗಳ ಭಕ್ತಿಗೀತೆಯ ಪುಸ್ತಕ. ಇನ್ನೊಂದು ಕಡೆ ಚೂಪಾದ ಪೆನ್ಸಿಲ್ ಹಿಡಿದ ಮೆಲ್ಲಕ್ಕ. ಹಾಡುಗಳು ಒಂದೊಂದಾಗಿ ಉರುಳುತ್ತಿದ್ದವು.

ಮೆಲ್ಲಕ್ಕ ಎನ್ನುವುದು ತಂದೆ ತಾಯಿ ಇಟ್ಟ ಹೆಸರಲ್ಲ. ಚರ್ಚಿನ ಹಿಂಬದಿಯ ಕೋಣೆಯಲ್ಲಿ ನಡೆಯುವ ಶಿಶುವಿಹಾರದಲ್ಲಿ ಅವಳು ಮಕ್ಕಳನ್ನು ನೋಡಿಕೊಳ್ಳುವ ಆಯಾ. ಬಾಗಿಲು ಮೆಲ್ಲಗೆ ಹಾಕು, ಲೋಟ ಮೆಲ್ಲಗೆ ಇಡು, ಅಳಬೇಕಾದರೂ ಮೆಲ್ಲಗೆ ಅಳು ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದವಳಿಗೆ ಮಕ್ಕಳು ಮತ್ತಿನ್ನೇನು ಹೆಸರಿಟ್ಟಾರು? ಮನೆಯವರೂ ಅದನ್ನೇ ಹಿಡಿದುಕೊಂಡರು.

"ಈ ಹಾಡಿಗ್ಯಾಕೆ ಗೀಟು ಎಳೆದೆ?" ದೊಡ್ಡತ್ತೆ ಕನ್ನಡಕ ಏರಿಸಿ ಪುಸ್ತಕದೊಳಗೆ ಇಣುಕಿದರು.

"ಅದರಲ್ಲಿ ಸಮುದ್ರ ಸೈನ್ಯಾನ ನುಂಗುತ್ತೆ ಅತ್ತೆ. ಕುದುರೆಗಳೂ ಮುಳುಗ್ತವೆ."

"ಮುಳುಗಲಿ ಬಿಡೆ! ಸಾವಿರಾರು ವರ್ಷದ ಹಿಂದೆ ಮುಳುಗಿದ ಕುದುರೇನ ಈಗ ನೀನು ಎತ್ತಿ ಬಿಸಿಲಿಗೆ ಒಣಹಾಕ್ತೀಯಾ?"

"ಕುದುರೆ ಏನು ತಪ್ಪು ಮಾಡಿತ್ತು ಅಂತ ನಮ್ಮ ಚೋಟಿ ಕೇಳ್ತಾಳೆ. ನಾನೇನು ಹೇಳ್ಲಿ?"

"ಸರಿ, ಇದು?"

"ಕತ್ತಿ ಇದೆ."

"ಇದು?"

"ಗುಡುಗು."

"ಇದು ಬರೀ ಬೆಳಕಿನ ಹಾಡಲ್ವೇನೆ?"

"ಮೂರನೇ ಚರಣದಲ್ಲಿ ಸಿಂಹ ಬರುತ್ತೆ."

ಬಾಗಿಲ ಬಳಿ ನಿಂತು ಅಂಗಿಯ ಮೇಲಿನ ಮರದ ಹೊಟ್ಟು ಕೊಡವುತ್ತಿದ್ದ ಅಣ್ಣ ನಕ್ಕ. "ಸಿಂಹಕ್ಕೂ ಮೆಲ್ಲಗೆ ಗರ್ಜಿಸು ಅಂತ ಹೇಳಮ್ಮ. ನಿನ್ನ ಮಾತು ಯಾರು ತಾನೇ ಕೇಳಲ್ಲ?"

ಮೆಲ್ಲಕ್ಕ ತಲೆ ಎತ್ತಲಿಲ್ಲ. ಸಿಂಹದ ಮೇಲೆ ಗೀಟು ಎಳೆದಳು.

ದೊಡ್ಡತ್ತೆ ಅಂದರೆ ಅವರ ತಂದೆಯ ಅಕ್ಕ; ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತರಾದವರು. ಚರ್ಚಿನ ಗಾಯಕ ಮಂಡಳಿ ಅವರ ಕೈಯಲ್ಲಿತ್ತು, ಮತ್ತು ಆ ಕೈ ಇನ್ನೂ ಮುದ್ರೆ ಒತ್ತುವುದನ್ನು ಮರೆತಿರಲಿಲ್ಲ. ತಾಳ ಹಾಕಿದರೆ ಮುಂದಿನ ಬೆಂಚು ಅದುರುತ್ತಿತ್ತು. ಅವರು ಮೊದಲ ಸ್ವರ ಎತ್ತಿದ ಸದ್ದಿಗೇ ಮಾಡಿನ ಮೇಲಿನ ಪಾರಿವಾಳಗಳು ಎದ್ದು ಹೋಗಿ, ಆರಾಧನೆ ಮುಗಿದ ಮೇಲೆ ವಾಪಸು ಬರುತ್ತಿದ್ದವು. ಪುಟ್ಟ ಮಕ್ಕಳ ಹಾಡನ್ನೂ ಇಷ್ಟು ವರ್ಷ ಅವರೇ ಆರಿಸುತ್ತಿದ್ದರು. ಕಾಲು ಕುಟ್ಟಿ, ಮುಷ್ಟಿ ಎತ್ತಿ, ಹಿಂದೆ ಕ್ಷೌರದಂಗಡಿಯವನ ಡ್ರಮ್ಮು ಸೇರಿಸಿ ಹಾಡುವಂಥವು.

ಅಣ್ಣನ ಮಗಳು ಚೋಟಿಗೆ ಮೂರೂವರೆ ವರ್ಷ. ಆ ಸದ್ದು ಶುರುವಾಗುತ್ತಲೇ ಎರಡೂ ಕಿವಿ ಮುಚ್ಚಿಕೊಂಡು ಬೆಂಚಿನ ಅಡಿಗೆ ಹೋಗುತ್ತಿದ್ದಳು. ಅಲ್ಲಿಂದ ಅವಳನ್ನು ಎಳೆದು ತೆಗೆದು ಹೊರಗೆ ಒಯ್ಯುವುದು ಅಣ್ಣನ ಪಾಲಿಗೆ ಬಿದ್ದಿತ್ತು, ಅತ್ತಿಗೆಗೆ ಭಾನುವಾರವೂ ಆಸ್ಪತ್ರೆಯಲ್ಲಿ ಪಾಳಿ. ಚರ್ಚಿನ ಬೆಂಚುಗಳನ್ನೆಲ್ಲ ತನ್ನ ಕೈಯಾರೆ ಮಾಡಿಕೊಟ್ಟ ಬಡಗಿ ಅವನು; ಏಳು ತಿಂಗಳಿಂದ ಹೊರಗಿನ ಕಲ್ಲು ಮೆಟ್ಟಿಲ ಮೇಲೆ ಕೂರುತ್ತಿದ್ದ. ಪಾಪ, ಮಗು ಡ್ರಮ್ಮಿಗೆ ಹೆದರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಹೆದರುವುದು ಯಾವುದಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು, ದೊಡ್ಡತ್ತೆಯ ಹೊರತು. ಕ್ಷೌರದಂಗಡಿಯವನು ಒಳ್ಳೆಯವನು, ಆಪಾದನೆಯನ್ನು ತಲೆ ಬಗ್ಗಿಸಿ ಹೊತ್ತುಕೊಂಡಿದ್ದ.

ಅಂದು ದೊಡ್ಡತ್ತೆ ಕೈತೊಳೆಯಲು ಹೋದಾಗ ಅಣ್ಣ ತಂಗಿಯ ಪಕ್ಕ ಕೂತು ದನಿ ಇಳಿಸಿದ. "ನೋಡು, ನಗ್ತಾ ಹೇಳ್ತಿಲ್ಲ. ಮಕ್ಕಳ ಹಾಡಿನ ಭಾನುವಾರ ಇನ್ನೊಂದು ಸಲ ನೋಡ್ತೀನಿ. ಅವತ್ತೂ ಅವಳು ಅತ್ಕೊಂಡು ಹೊರಗೆ ಬಂದ್ರೆ ಸಾಕು. ದೊಡ್ಡ ಶಾಲೆಗೆ ಸೇರೋವರೆಗೂ ನಾನೂ ಅವಳೂ ಮನೇಲೇ ಇರ್ತೀವಿ. ಮಗೂನ ದೇವರ ಮನೇಲಿ ಅಳಿಸೋದು ನನಗೆ ಆಗ್ತಿಲ್ಲ."

ಮೆಲ್ಲಕ್ಕನ ಪೆನ್ಸಿಲ್ ನಿಂತಿತು. ಅದಕ್ಕೇ ತಾನೇ ಅವಳು ಸಭಾಪಾಲಕರ ಹತ್ತಿರ ಹೋಗಿ, ನಾಲಿಗೆ ತೊದಲಿಸಿಕೊಂಡು, ಈ ಸಲ ಹಾಡು ನಾನು ಆರಿಸ್ತೀನಿ ಅಂದಿದ್ದು!

ಕೊನೆಗೆ ಇನ್ನೂರ ಎಪ್ಪತ್ತರಲ್ಲಿ ಉಳಿದದ್ದು ಮೂರು. ಒಂದರಲ್ಲಿ ಕುರುಬನೊಬ್ಬ ಕತ್ತಲಾಗುವ ಮುಂಚೆ ಮರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಎರಡನೆಯದರಲ್ಲಿ ಯೇಸು ಅಲೆಗಳ ಬೆನ್ನು ಸವರಿ, ಆಡಿದ್ದು ಸಾಕು, ಒರಗಿಕೊಳ್ಳಿ ಅನ್ನುತ್ತಾನೆ. ಮೂರನೆಯದರಲ್ಲಿ ದೇವರು ಆಕಾಶದ ದೀಪವನ್ನು ಸಣ್ಣಗೆ ಮಾಡಿ, ಲೋಕಕ್ಕೆಲ್ಲ ಹೊದಿಕೆ ಹೊದಿಸುತ್ತಾನೆ. ಮೂರೂ ಬೆಣ್ಣೆಯಂಥ ಹಾಡುಗಳು. ಓದುತ್ತ ಓದುತ್ತ ಮೆಲ್ಲಕ್ಕನ ಕಣ್ಣುಗಳೇ ಎಳೆಯುತ್ತಿದ್ದವು. ಅಷ್ಟಾದರೂ ಅವಳಿಗೆ ಅನುಮಾನ ಬರಬೇಡವೇ? ಬರಲಿಲ್ಲ.

ಹಾಡಬೇಕಾದ ಮಕ್ಕಳು ಎಂಟು. ಅವರಲ್ಲಿ ಏಳು ಮಂದಿ ಅವಳ ಶಿಶುವಿಹಾರದವರೇ. ಬೆಳಿಗ್ಗೆ ಅಕ್ಷರ, ಆಮೇಲೆ ಆಟ, ಅದರ ಮೇಲೆ ಊಟ. ಮೇಲ್ವಿಚಾರಕಿ ಗಡಿಯಾರ ನೋಡಿ ನಡೆಯುವ ಹೆಂಗಸು, ನಡುವೆ ಐದು ನಿಮಿಷ ಕೇಳಿದರೂ ಕೊಡುವವಳಲ್ಲ. ಮೆಲ್ಲಕ್ಕನ ಸ್ವಂತ ಎನ್ನಬಹುದಾದ ಹೊತ್ತು ಒಂದೇ: ಊಟವಾದ ಮೇಲೆ ಚಾಪೆ ಹಾಸಿ, ಕಿಟಕಿಯ ಪರದೆ ಎಳೆದು, ಮಕ್ಕಳ ಬೂಟು ಬಿಚ್ಚಿಸಿ ಗೋಡೆ ಪಕ್ಕ ಸಾಲಾಗಿ ಇಡಿಸಿದ ಮೇಲಿನ ಅರ್ಧ ತಾಸು.

ಅಲ್ಲಿ ಅವಳು ಹಾಡಿದಳು. ಮಕ್ಕಳು ಮಲಗಿದಲ್ಲಿಂದಲೇ ದನಿಗೂಡಿಸಿದರು. ಮೊದಲ ದಿನ ಕುರುಬನ ಹಾಡು ಪೂರ್ತಿಯಾಯಿತು. ನಾಲ್ಕನೆಯ ದಿನಕ್ಕೆ ಅಲೆಗಳ ಹಾಡಿನ ನಡುವೆಯೇ ಕೋಣೆಯೆಲ್ಲ ನಿಶ್ಶಬ್ದ. ಹಾಡು ಮಕ್ಕಳ ಮನಸ್ಸಿಗೆ ಎಷ್ಟು ಚೆನ್ನಾಗಿ ಇಳಿಯುತ್ತಿದೆ ಎಂದು ಮೆಲ್ಲಕ್ಕ ಹಿಗ್ಗಿದಳು.

"ನಿನ್ನ ಹಾಡು ಭಾಳ ಚೆನ್ನಾಗಿದೆ ಕಣೆ," ಅಂದಳು ಅಡುಗೆಯವಳು, ತೊಳೆದ ತಟ್ಟೆಗಳ ಪಕ್ಕ ಆಕಳಿಸುತ್ತ. "ನಿನ್ನೆ ನಾನು ಹಾಲು ಉಕ್ಕಿಸಿಬಿಟ್ಟೆ."

ಆಗಲೂ ಅವಳಿಗೆ ಹೊಳೆಯಲಿಲ್ಲ. ಹೊಗಳಿಕೆ ಅಂದುಕೊಂಡಳು.

ಚೋಟಿ ಮಾತ್ರ ಶಿಶುವಿಹಾರಕ್ಕೆ ಬರುತ್ತಿರಲಿಲ್ಲ. ಅವಳ ದಿನ ಅಪ್ಪನ ಕೆಲಸದ ಕೊಟ್ಟಿಗೆಯಲ್ಲೇ ಕಳೆಯುತ್ತಿತ್ತು. ಕೆಲಸಕ್ಕೆ ಹೊರಡುವ ಮುಂಚೆ ಮೆಲ್ಲಕ್ಕ ದಿನವೂ ಅಲ್ಲಿಗೆ ಹೋಗಿ ಹಾಡು ಹೇಳಿಕೊಟ್ಟಳು. ಚೋಟಿ ಮರದ ಸುರುಳಿಗಳನ್ನು ಬುಟ್ಟಿಗೆ ತುಂಬುತ್ತ, ಮೊಳೆಗಳನ್ನು ಎಣಿಸುತ್ತ, ಓಡಾಡಿಕೊಂಡೇ ಮೂರನ್ನೂ ಕಲಿತಳು.

"ಅತ್ತೆ, ಡ್ರಮ್ಮು ಬರುತ್ತಾ?"

"ನಮ್ಮ ಹಾಡಿಗೆ ಬರಲ್ಲ ಪುಟ್ಟ. ನಮ್ಮದು ಮುಗಿದ ಮೇಲೆ ದೊಡ್ಡವರದ್ದು."

"ಆವಾಗ ನಾನು ಓಡಿಹೋಗ್ಲಾ?"

"ಓಡಿಹೋಗು. ಅಪ್ಪ ಬಾಗಿಲಲ್ಲೇ ಇರ್ತಾನೆ," ಅಂದಳು ಮೆಲ್ಲಕ್ಕ. ಅಂದಮೇಲೆ ಮನಸ್ಸು ಚುರುಕ್ ಅಂತು.

ಭಾನುವಾರ ಬಂತು. ವೇದಿಕೆಯ ಮುಂದಿನ ಕೆಂಪು ಜಮಖಾನದ ಮೇಲೆ ಎಂಟು ಮಕ್ಕಳು ಸಾಲಾಗಿ ನಿಂತರು, ಕೂದಲಿಗೆ ನೀರು ಹಚ್ಚಿ ಬಾಚಿಸಿಕೊಂಡು. ತುದಿಯಲ್ಲಿ ಚೋಟಿ, ಒಂದು ಕೈ ಕಿವಿಯ ಹತ್ತಿರವೇ ಕಾವಲಿಗಿಟ್ಟುಕೊಂಡು. ಪಕ್ಕದ ಬೆಂಚಿನಲ್ಲಿ ಗಾಯಕ ಮಂಡಳಿ, ಅದರ ಮುಂದೆ ಕೈಕಟ್ಟಿ ಕೂತ ದೊಡ್ಡತ್ತೆ. ಅಣ್ಣ ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದ.

ಮೆಲ್ಲಕ್ಕ ಶ್ರುತಿ ಹಿಡಿದಳು. ಕುರುಬ ಬಂದ, ಮರಿಗಳನ್ನು ಕರೆದ. ಎಂಟು ದನಿ ಸೇರಿ ಎಷ್ಟು ಇಂಪಾಗಿತ್ತೆಂದರೆ ಹಿಂದಿನ ಸಾಲಿನ ಅಜ್ಜಂದಿರು ಕಿವಿಗೆ ಕೈ ಅಡ್ಡ ಹಿಡಿದು ಮುಂದೆ ಬಾಗಿದರು. ಎರಡನೇ ಚರಣಕ್ಕೆ ರೊಟ್ಟಿ ಸುಡುವವನ ಮಗ ಬಾಯಿ ಅಗಲಿಸಿದ. ಹಾಡಲು ಅಂದುಕೊಂಡರೆ, ಆಕಳಿಸಲು.

ಅಲೆಗಳ ಹಾಡು ಶುರುವಾಯಿತೋ ಇಲ್ಲವೋ, ಒಬ್ಬ ಕೂತ. ಕೂತವನು ಬೂಟು ಬಿಚ್ಚಿದ. ಬಿಚ್ಚಿ, ಎದ್ದು ಹೋಗಿ, ಅವನ್ನು ಉಪದೇಶ ಪೀಠದ ಬುಡದಲ್ಲಿ ಒಪ್ಪವಾಗಿ ಇಟ್ಟು ಬಂದು, ಜಮಖಾನದ ಮೇಲೆ ಮಗ್ಗುಲಾದ. ಅವನನ್ನು ನೋಡಿ ಇನ್ನಿಬ್ಬರು. ಪೀಠದ ಬುಡದಲ್ಲಿ ಬೂಟಿನ ಸಾಲು ಬೆಳೆಯಿತು. ದರ್ಜಿಯ ಮಗಳು ಬೆರಳು ಬಾಯಿಗಿಟ್ಟುಕೊಂಡು, "ಮೆಲ್ಲಕ್ಕ, ನನ್ನ ಹೊದಿಕೆ?" ಅಂದಳು. ಸಭೆಯಲ್ಲಿ ಎಲ್ಲೋ ಒಬ್ಬರು ಕೆಮ್ಮಿದರು, ಅದು ಕೆಮ್ಮಾಗಿರಲಿಲ್ಲ. ಸಭಾಪಾಲಕರು ಬೈಬಲ್ಲಿನ ಹಿಂದೆ ಮುಖ ಮರೆಸಿಕೊಂಡಿದ್ದರು, ಬೈಬಲ್ಲು ಕುಲುಕುತ್ತಿತ್ತು.

ಆಗ, ಆಗ ಮಾತ್ರ, ಮೆಲ್ಲಕ್ಕನಿಗೆ ಹೊಳೆಯಿತು. ಎರಡು ವಾರ ತಾನು ಇವರಿಗೆ ಹಾಡು ಕಲಿಸಿಲ್ಲ, ನಿದ್ದೆ ಕಲಿಸಿದ್ದೇನೆ! ಕೆನ್ನೆ ಕಾದ ಹೆಂಚಾಯಿತು. ನಿಲ್ಲಿಸೋಣವೆಂದರೆ ಚೋಟಿ ಕಣ್ಣು ನೆಟ್ಟು ತನ್ನನ್ನೇ ನೋಡುತ್ತ ಹಾಡುತ್ತಿದ್ದಾಳೆ. ನಿಲ್ಲಿಸಲಿಲ್ಲ. ದೇವರು ಲೋಕಕ್ಕೆ ಹೊದಿಕೆ ಹೊದಿಸುವ ಹೊತ್ತಿಗೆ ಏಳು ಮಕ್ಕಳು ಜಮಖಾನದ ಮೇಲೆ ಗಾಢ ನಿದ್ದೆಯಲ್ಲಿದ್ದರು. ಚೋಟಿ ಒಬ್ಬಳೇ ನಿಂತು, ಸೂಜಿಯಂಥ ದನಿಯಲ್ಲಿ, ಕೊನೆಯ ಸಾಲನ್ನು ಮುಗಿಸಿದಳು.

ಇನ್ನು ದೊಡ್ಡವರ ಸರದಿ. ಗಾಯಕ ಮಂಡಳಿ ಎದ್ದಿತು. ಕ್ಷೌರದಂಗಡಿಯವನು ಕೋಲು ಎತ್ತಿದ. ದೊಡ್ಡತ್ತೆ ಉಸಿರೆಳೆದರು. ಮೆಲ್ಲಕ್ಕ ಬಾಗಿಲ ಕಡೆ ನೋಡಿದಳು. ಅಣ್ಣ ಆಗಲೇ ತೋಳು ಚಾಚಿದ್ದ.

ಚೋಟಿ ಓಡಲಿಲ್ಲ. ಒಮ್ಮೆ ಅಪ್ಪನ ಕಡೆ ನೋಡಿದಳು, ಒಮ್ಮೆ ಕಾಲ ಬಳಿ ಮಲಗಿದ್ದವರ ಕಡೆ. ಆಮೇಲೆ ಮಲಗಿದವರನ್ನು ತುಳಿಯದಂತೆ ದಾಟಿಕೊಂಡು ನೇರ ದೊಡ್ಡತ್ತೆಯ ಮುಂದೆ ಹೋಗಿ, ತುಟಿಗೆ ಬೆರಳಿಟ್ಟಳು.

"ಷ್! ಅಜ್ಜಿ, ಮಲಗಿದಾರೆ."

ದೊಡ್ಡತ್ತೆ ಎಳೆದ ಉಸಿರು ಎದೆಯಲ್ಲೇ ನಿಂತಿತು. ಮುಖ ಕೆಂಪಾಯಿತು, ಆಮೇಲೆ ಇನ್ನೂ ಕೆಂಪಾಯಿತು. ಇಡೀ ಚರ್ಚು ಕಾದಿತ್ತು. ಕೊನೆಗೆ ಆ ಉಸಿರು ಸಣ್ಣಗೆ, ಚಕ್ರದಿಂದ ಗಾಳಿ ಬಿಟ್ಟಂತೆ, ಹೊರಬಿತ್ತು. ಅವರು ಕ್ಷೌರದಂಗಡಿಯವನ ಕಡೆ ತಿರುಗಿ ಕೋಲು ಕೆಳಗಿಡು ಎಂದು ಸನ್ನೆ ಮಾಡಿದರು. ಅವನು ಬೆರಳ ತುದಿಯಿಂದ ಡ್ರಮ್ಮು ತಟ್ಟಿದ, ಗಿರಾಕಿಯ ಕೆನ್ನೆಗೆ ನೊರೆ ಹಚ್ಚುವಂತೆ. ದೊಡ್ಡತ್ತೆ ಹಾಡಿದರು. ಅವರ ಗಂಟಲಲ್ಲಿ ಅಷ್ಟು ತೆಳ್ಳನೆಯ ದನಿಯೊಂದು ಇದೆ ಎಂದು ಅವರಿಗೇ ಗೊತ್ತಿರಲಿಕ್ಕಿಲ್ಲ. ಹಾಡಿನ ತುಂಬ ಕತ್ತಿ, ಗುರಾಣಿ, ಕೋಟೆ. ಆದರೆ ಪಿಸುಮಾತಿನಲ್ಲಿ ಎತ್ತಿದ ಕತ್ತಿಗೆ ಯಾರು ಹೆದರುತ್ತಾರೆ? ಚೋಟಿ ಕಾವಲುಗಾರ್ತಿಯಂತೆ ಎದುರಿಗೇ ನಿಂತು ಕೇಳಿದಳು. ಪಾರಿವಾಳಗಳೂ ಹಾರಲಿಲ್ಲ.

ಉಪದೇಶವೂ ತಗ್ಗಿದ ದನಿಯಲ್ಲೇ ನಡೆಯಿತು. ಹಿಂದಿನ ಸಾಲಿನ ಅಜ್ಜಂದಿರಿಗೆ ಅದು ಭಾರೀ ಅನುಕೂಲವಾಯಿತು. ಅದರ ನಡುವೆ ಯಾವಾಗಲೋ ಅಣ್ಣ ಒಳಗೆ ಬಂದು, ತಾನೇ ಮಾಡಿದ ಬೆಂಚಿನ ತುದಿಯಲ್ಲಿ ಮೊದಲ ಸಲ ಕೂರುವವನಂತೆ ಕೂತ.

ಆರಾಧನೆ ಮುಗಿದ ಮೇಲೆ ತಾಯಂದಿರು ನಗುತ್ತ ಮಕ್ಕಳನ್ನು ಎಬ್ಬಿಸಿ ಬೂಟು ಹುಡುಕಿಕೊಟ್ಟರು. ದೊಡ್ಡತ್ತೆ ಮೆಲ್ಲಕ್ಕನ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟರು.

"ಎಂಥಾ ಹಾಡು ಆರಿಸಿದ್ಯೇ ತಾಯಿ! ಇನ್ನೊಂದು ಚರಣ ಇದ್ದಿದ್ರೆ ಸಭಾಪಾಲಕರೂ ಬೂಟು ಬಿಚ್ಚಿ ಇಡ್ತಿದ್ರು."

"ತಪ್ಪಾಯ್ತು ಅತ್ತೆ. ನಾನು ಮಧ್ಯಾಹ್ನ ಚಾಪೆ ಮೇಲೆ..."

"ಗೊತ್ತಾಯ್ತು ಬಿಡು. ಊರಿಗೆಲ್ಲ ಗೊತ್ತಾಯ್ತು."

ಅಷ್ಟರಲ್ಲಿ ಚೋಟಿ ಬಂದು ದೊಡ್ಡತ್ತೆಯ ಸೆರಗು ಜಗ್ಗಿದಳು. "ಅಜ್ಜಿ, ನೀವು ಚೆನ್ನಾಗಿ ಹಾಡಿದ್ರಿ."

"ಓಹೋ, ಹೌದಾ?"

"ಹೂಂ. ಆದ್ರೆ ಕೊನೇಲಿ ಸ್ವಲ್ಪ ಜೋರಾಯ್ತು."

ಅಂಚೆ ಕಚೇರಿಯಲ್ಲಾಗಲಿ, ಗಾಯಕ ಮಂಡಳಿಯಲ್ಲಾಗಲಿ, ದೊಡ್ಡತ್ತೆಗೆ ಹೀಗೆ ಹೇಳಿದವರು ಈವರೆಗೆ ಯಾರೂ ಇರಲಿಲ್ಲ. ಮೆಲ್ಲಕ್ಕ ಕಣ್ಣು ಮುಚ್ಚಿಕೊಂಡಳು. ದೊಡ್ಡತ್ತೆ ಮೊಣಕಾಲು ಹಿಡಿದುಕೊಂಡು ಕೆಳಗೆ ಬಾಗಿದರು.

"ಸರಿ ಮಹಾರಾಯ್ತಿ. ಕಮ್ಮಿ ಮಾಡ್ಕೋತೀನಿ. ಆದ್ರೆ ಜೋರಾದಾಗ ಹೇಳೋರು ಯಾರು?"

ಚೋಟಿ ಯೋಚಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ಅಪ್ಪ, ಮುಂದಿನ ವಾರ ನಾವು ಮುಂದೆ ಕೂರಬೇಕು. ಅಜ್ಜಿ ಪಕ್ಕ. ನನಗೆ ಕೆಲಸ ಇದೆ."

ಅಣ್ಣ ಮುಂದಿನ ಬೆಂಚಿನ ಹತ್ತಿರ ಹೋಗಿ, ಅದನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ಒಂದು ಕಾಲು ಸಡಿಲವಾಗಿತ್ತು. ನಾಳೆಯೇ ಬಂದು ಗಟ್ಟಿ ಮಾಡಬೇಕು ಎಂದು ಸಭಾಪಾಲಕರಿಗೆ ಹೇಳಲು ಹೊರಟ.