ಇದ್ದಿಲ ಕೊಟ್ಟಿಗೆಯ ಒಲೆ

ಜನಗಣತಿಗೆ ಬಂದ ಟೀಚರಮ್ಮ ಮೊದಲ ದಿನವೇ ಹೇಳಿದ್ದರು: "ಒಂದು ಒಲೇಲಿ ಬೆಂದದ್ದು ಉಣ್ಣೋರೆಲ್ಲ ಒಂದು ಮನೆ. ಒಲೆ ಬೇರೆ ಆದ್ರೆ ಮನೆ ಬೇರೆ." ಊರಿಗೆ ಅಷ್ಟು ಸಾಕಾಯಿತು. ಊರಾದರೂ ಎಂಥದ್ದು? ಕುಂಬಾರರ ಕೇರಿಯಲ್ಲಿ ಸೀನಿದರೆ ನೇಕಾರರ ಕೇರಿಯಲ್ಲಿ ಮೂಗು ಒರೆಸಿಕೊಳ್ಳುವಷ್ಟು ಸಣ್ಣದು. ಬಡಗಿಗಳು, ಕುರಿ ಕಾಯುವವರು, ಎಲ್ಲರೂ ಬೈದಾಡಿಕೊಂಡೇ ಬದುಕುತ್ತಿದ್ದರು. ಕಮ್ಮಾರರದ್ದು ಮಾತ್ರ ಒಂದೇ ಮನೆ. ಆ ಒಂದು ಎರಡಾಗಬೇಕು ಎಂಬುದು ಅಲ್ಲಿಯ ಕಿರಿಸೊಸೆಯ ಹಟ.

ಹಟ ಸುಮ್ಮನೆ ಬಂದದ್ದಲ್ಲ. ಹಿಟ್ಟಿನ ಡಬ್ಬದ ಬೀಗದಕೈ ಅತ್ತೆಯ ಸೊಂಟದಲ್ಲಿ. ಎರಡನೇ ಸಲ ಬಡಿಸಿಕೊಂಡರೆ ಅತ್ತೆ ಕಣ್ಣಲ್ಲೇ ತಟ್ಟೆ ಕಿತ್ತುಕೊಳ್ಳುವರು. ಸರ್ಕಾರವೇ ಬೇರೆ ಅಂತ ಬರೆದುಕೊಂಡರೆ ಮತ್ತೆ ಕೂಡಿಸುವ ಗಂಡು ಯಾವನಿದ್ದಾನೆ? ಇದು ಅವಳ ಧೈರ್ಯ. ಗಂಡನೂ ತಲೆಯಾಡಿಸಿದ್ದ. "ಟೀಚರಮ್ಮ ಬಂದಾಗ ನಿನ್ನ ಒಲೆ ಮುಂದೇನೇ ಕೂತು ಉಣ್ತೀನಿ ಬಿಡು," ಅಂದಿದ್ದ.

ಬೆಳಿಗ್ಗೆಯೇ ಅವಳು ಕುಲುಮೆಯಿಂದ ಕೆಂಡ ತಂದು, ಹಿಂದಿನ ಇದ್ದಿಲ ಕೊಟ್ಟಿಗೆಯಲ್ಲಿ ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟಳು. ಅನ್ನ ಬೆಂದಿತು, ಟೀಚರಮ್ಮನ ಸುಳಿವಿಲ್ಲ. ಬೀದಿಗೆ ಹೋದಳು, ಬಂದಳು, ಬೆಂಕಿ ಊದಿದಳು, ಮತ್ತೆ ಹೋದಳು. ನೇಕಾರರಲ್ಲಿ ಅಣ್ಣತಮ್ಮಂದಿರು ತಾವು ಒಂದೋ ಎರಡೋ ಎಂದು ಜುಟ್ಟು ಹಿಡಿದು ನಿಂತಿದ್ದಾರಂತೆ, ಟೀಚರಮ್ಮ ನಡುವೆ ಸಿಕ್ಕಿಕೊಂಡಿದ್ದಾರಂತೆ. ಹಾಳಾದವರು, ಜಗಳಕ್ಕೆ ಇವತ್ತೇ ಆಗಬೇಕಿತ್ತೇ! ಬೆಂಕಿ ಆರಿಸಿದರೆ ಒಲೆ ಸುಳ್ಳಾಗುತ್ತದೆ, ಉರಿಸಿದರೆ ಅನ್ನ ಸೀಯುತ್ತದೆ. ಅವಳು ನೀರು ಹುಯ್ಯುತ್ತಲೇ ಇದ್ದಳು. ಮಧ್ಯಾಹ್ನಕ್ಕೆ ಅದು ಅನ್ನವೂ ಅಲ್ಲ, ಗಂಜಿಯೂ ಅಲ್ಲ.

ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದರು. "ಹೊಗೆ ಎದ್ದ ಕಡೆಯೆಲ್ಲ ಸಂಸಾರ ಆಗಲ್ಲ ಕಣಮ್ಮ," ಎಂದು ಒಳಗೆ ಹೋದರು.

ಟೀಚರಮ್ಮ ಬಂದದ್ದು ಗಂಡ ಕುಲುಮೆಯಿಂದ ಎದ್ದು ಕೈತೊಳೆಯುವ ಹೊತ್ತಿಗೆ. ಅವನು ಕೊಟ್ಟಿಗೆಯ ಕಡೆ ಎರಡು ಹೆಜ್ಜೆ ಬಂದ.

"ಬಾರೋ, ಆರಿಹೋಗುತ್ತೆ," ಒಳಗಿಂದ ಅತ್ತೆಯ ದನಿ. ಜೋರೇನೂ ಇರಲಿಲ್ಲ.

ಅವನು ಅತ್ತ ನೋಡಿದ, ಇತ್ತ ನೋಡಿದ. "ಇವತ್ತೊಂದಿನ ಅಲ್ಲೇ ಉಂಡ್ಬಿಡ್ತೀನಿ ಕಣೆ. ಅಮ್ಮ ನೊಂದ್ಕೊಳ್ತಾಳೆ," ಎಂದವನೇ ಒಳಗೆ ಹೋಗಿ ತಾಯಿಯ ಪಕ್ಕದಲ್ಲಿ ಕೂತ. ಅವಳಿಗೆ ಅವಮಾನದಿಂದ ಮೈಯೆಲ್ಲ ಉರಿಯಿತು. ಅಳು ಬಂತು, ನುಂಗಿಕೊಂಡಳು.

ಟೀಚರಮ್ಮನಿಗೆ ಬೆಳಗಿನಿಂದ ನಿಂತು ಕಾಲು ಸೋತಿತ್ತು. "ಹಾಗಾದ್ರೆ ಇದು ಒಂದೇ ಮನೆ ತಾನೆ?"

"ಎರಡು," ಎಂದಳು ಕಿರಿಸೊಸೆ. ಮಡಕೆಯಿಂದ ಆ ಮುದ್ದೆಯಾದ ಅನ್ನವನ್ನು ತಟ್ಟೆಗೆ ಸುರಿದುಕೊಂಡು, ಅವರೆದುರಿಗೇ ಒಂದು ತುತ್ತು ಬಾಯಿಗಿಟ್ಟಳು.

"ಈ ಒಲೇಲಿ ಎಷ್ಟು ಜನ?"

"ಒಬ್ಬಳು."

"ನಿನ್ನ ಗಂಡ ಇದಾರಲ್ಲಮ್ಮ..."

"ಅವರು ಉಣ್ತಿರೋದು ಆ ಒಲೇದು. ಆ ಮನೇಲೇ ಬರ್ಕೊಳ್ಳಿ."

ಒಳಗೆ ತಟ್ಟೆಯ ಸದ್ದು ನಿಂತಿತು. ಟೀಚರಮ್ಮ ದನಿ ತಗ್ಗಿಸಿದರು. "ಯಜಮಾನರು ಯಾರು ಅಂತ ಬರೀಲಿ?"

ಅವಳು ಬಾಯಲ್ಲಿದ್ದದ್ದನ್ನು ನುಂಗಿ, "ನಾನೇ," ಎಂದಳು.