ಪಾಲುದಾರ ದೋಣಿಯಲ್ಲೇ ಇರಬೇಕು

ಈ ಕಾನೂನು ಬರೆದ ಪುಣ್ಯಾತ್ಮರು ಅಲಾಸ್ಕಾದ ನವೆಂಬರ್ ಗಾಳಿಗೆ ಒಂದು ದಿನವಾದರೂ ಮುಖ ಕೊಟ್ಟಿದ್ದರೋ ಇಲ್ಲವೋ, ನಾನರಿಯೆ. ಹ್ಯಾಲಿಬಟ್ ಮೀನು ಉಳಿಯಲೆಂದು ವರ್ಷಕ್ಕೆ ಇಂತಿಷ್ಟೇ ಹಿಡಿಯಬೇಕೆಂದು ಗೊತ್ತುಮಾಡಿ, ಅದನ್ನು ಪಾಲು ಮಾಡಿ ಹಂಚಿದರು. ಪಾಲನ್ನು ಮಾರಬಹುದು, ಕೊಳ್ಳಬಹುದು. ಆದರೆ ಮನೆಯಲ್ಲಿ ಕಾಲು ಚಾಚಿ ಕುಳಿತು ಬೇರೆಯವರಿಂದ ಹಿಡಿಸುವಂತಿಲ್ಲ. ಪಾಲುದಾರ ದೋಣಿಯಲ್ಲೇ ಇರಬೇಕು. ಮೀನೇನೋ ಉಳಿಯಿತು, ಸುಳ್ಳೇಕೆ ಹೇಳಲಿ.

ನನಗೆ ದೋಣಿಯಿತ್ತು, ಪಾಲಿರಲಿಲ್ಲ. ಎಲಿಂಗ್ ಮಾಮನಿಗೆ ಪಾಲಿತ್ತು, ದೋಣಿಯಿರಲಿಲ್ಲ. ಏಳು ವರ್ಷದಿಂದ ಅವನು ನನ್ನ ದೋಣಿಯಲ್ಲಿ ಮಲಗಿರುತ್ತಿದ್ದ, ನಾನು ಅವನ ಮೀನು ಹಿಡಿಯುತ್ತಿದ್ದೆ. ಈಗ ಅವನಿಗೆ ಎಪ್ಪತ್ತೊಂಬತ್ತು, ಹೃದಯ ಕೈಕೊಟ್ಟಿತ್ತು. ಕಾಯಿಲೆಯವರಿಗೆ ಕೊಡುವ ವಿನಾಯಿತಿಯೂ ಮುಗಿದುಹೋಗಿತ್ತು. ಆ ವರ್ಷದ ಮೀನುಗಾರಿಕೆ ನಿಲ್ಲಲು ನಾಲ್ಕೇ ದಿನ. ಅಷ್ಟರಲ್ಲಿ ಹಿಡಿಯದಿದ್ದರೆ ಸಾಲ ತೀರಿಸಲು ನಾನು ದೋಣಿ ಮಾರಬೇಕಿತ್ತು.

“ಈ ಸಲ ಬಿಟ್ಟುಬಿಡೇ ರಾಗ್ನಾ,” ಎಂದಳು ಅವನ ಹೆಂಡತಿ ಯೋರ್ಡಿಸ್, ಕಾಫಿ ಬಗ್ಗಿಸುತ್ತ. “ಮೆಟ್ಟಿಲು ಹತ್ತೋಕೇ ಏದುಸಿರು ಇವರಿಗೆ.”

“ಮಲಗಿರೋದಷ್ಟೇ ಅಲ್ವಾ ಅತ್ತೆ? ಇಲ್ಲಿ ಮಲಗೋದನ್ನ ಅಲ್ಲಿ ಮಲಗ್ತಾರೆ.”

ಮಾಮ ನಕ್ಕ. “ನನ್ನ ಹಂಗೆ ಮಲಗಿಕೊಂಡೇ ದುಡಿಯೋ ಇನ್ನೊಬ್ಬನ್ನ ತೋರಿಸು ನೋಡೋಣ. ಟೋಪಿ ಎಲ್ಲಿಟ್ಟಿದೀಯ?”

ಕಡಲಿನಲ್ಲಿ ಎರಡನೇ ದಿನ ಮಧ್ಯಾಹ್ನ, ನೂರಾರು ಗಾಳ ಕಟ್ಟಿದ ಎರಡು ಉದ್ದನೆಯ ಹಗ್ಗ ಇನ್ನೂ ನೀರಿನಲ್ಲಿರುವಾಗ, ನನ್ನ ತಮ್ಮ ಟೋರ್ಮೋದ್ ಕೆಳಗಿನ ಮಲಗುವ ಕೋಣೆಯಿಂದ ಮೇಲೆ ಬಂದ. “ಅಕ್ಕಾ, ಮಾಮನ ತುಟಿ ನೀಲಿಯಾಗಿದೆ. ಹೆಲಿಕಾಪ್ಟರ್ ಕರಿ.”

ಕರೆದಿದ್ದರೆ ಬರುತ್ತಿತ್ತು, ಅವನನ್ನು ಎತ್ತಿಕೊಂಡು ಹೋಗುತ್ತಿತ್ತು. ಅವನು ಹೋದ ಮೇಲೆ ಒಂದು ಮೀನನ್ನೂ ನಾನು ಮುಟ್ಟುವಂತಿರಲಿಲ್ಲ. ಕೆಳಗಿಳಿದು ಅವನ ಕೈ ಹಿಡಿದೆ. ತಣ್ಣಗಿತ್ತು.

“ಎಷ್ಟು ಉಳಿದಿದೆ?” ಎಂದು ಕೇಳಿದ.

“ಎರಡು ಹಗ್ಗ ಮಾಮ.”

ಅವನು ಕಣ್ಣು ಮುಚ್ಚಿದ. ಎಳಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನನಗೆ ಬೇಕಾದ ಹಾಗೆ ನಾನು ಅರ್ಥಮಾಡಿಕೊಂಡೆ. ಎರಡೂವರೆ ಗಂಟೆ ಎಳೆದೆವು. ಟೋರ್ಮೋದ್ ನನ್ನ ಮುಖ ನೋಡಲಿಲ್ಲ. ಒಳ್ಳೆಯ ಮೀನು, ಒಂದೊಂದೂ ಬಾಗಿಲಷ್ಟಗಲ. ಕೊನೆಯದನ್ನು ಎಳೆದು ಕೆಳಗೆ ಹೋದಾಗ ಮಾಮನ ಉಸಿರು ನಿಂತಿತ್ತು.

ಬಂದರಿನಲ್ಲಿ ಅಧಿಕಾರಿ ಕಾಗದ ನೋಡಿ ಟೋಪಿ ತೆಗೆದ. ಎಲ್ಲವೂ ಕಾನೂನುಬದ್ಧವಾಗಿತ್ತು. “ಕಡಲಿನವನು ಕಡಲಲ್ಲೇ ಹೋದ, ಪುಣ್ಯವಂತ,” ಎಂದರು ಜನ. ಯಾರೋ ನನ್ನ ಬೆನ್ನು ಸವರಿದರು. ನನಗೆ ಅಸಹ್ಯವಾಯಿತು, ನನ್ನ ಮೇಲೆಯೇ.

ಯೋರ್ಡಿಸ್ ಬಂದಾಗ ತಡೆಯಲಾಗಲಿಲ್ಲ. “ಅತ್ತೆ, ಹೆಲಿಕಾಪ್ಟರ್ ಕರೀಬಹುದಿತ್ತು. ನಾನು ಕರೀಲಿಲ್ಲ. ಹಗ್ಗ ಎಳೀತಿದ್ದೆ.”

ಅವಳು ನನ್ನ ಕೈಗಳನ್ನು ನೋಡಿದಳು.

“ಇದನ್ನ ನೀನು ನನಗೆ ಹೇಳಬಾರದಿತ್ತು,” ಎಂದಳು. “ಹೇಳಿ ನೀನು ಹಗುರಾದೆ. ನಾನು ಯಾರ ಹತ್ರ ಹೇಳ್ಲಿ?”

ಅವಳೊಬ್ಬಳೇ ದೋಣಿಗಿಳಿದು ಅವನ ಪಕ್ಕ ಕುಳಿತಳು. ನನ್ನದೇ ದೋಣಿಗೆ ಕಾಲಿಡಲು ನನಗೆ ಧೈರ್ಯ ಬರಲಿಲ್ಲ.