ಕೊಲಂಬೋಗೆ ಹೋದ ಬೂಟು

ಎಂಬತ್ತೈದನೇ ಇಸವಿ ಮಾತು. ಯಶವಂತಪುರದಲ್ಲಿ ಫುಟ್‌ಬಾಲ್ ಬೂಟಿನಡಿಗೆ, ಜಾರದ ಹಾಗೆ ನೆಲ ಕಚ್ಚೋ ಸ್ಟಡ್ ಹೊಡೆಯೋಳು ನಾನೊಬ್ಬಳೇ. ನಮ್ಮ ಮೈದಾನವೆಲ್ಲ ಜಲ್ಲಿಮಣ್ಣು. ಮೋಟು ಸ್ಟಡ್ಡೇ ಆಗಬೇಕು, ಉದ್ದ ಹಾಕಿದರೆ ಕಾಲು ಮುರಿಯುತ್ತೆ.

ನಮ್ಮ ಬೀದಿಯ ಮುಕ್ತಾರ್ ಏಷ್ಯಾದ ಕ್ಲಬ್ ಕಪ್ ಆಡೋಕೆ ಕೊಲಂಬೋಗೆ ಹೊರಟ.

"ಅಲ್ಲಿ ಒದ್ದೆ ಹುಲ್ಲು ಕಣೋ, ಉದ್ದ ಸ್ಟಡ್ ಬೇಕು," ಅಂದೆ.

"ಫರೀದಾ ಖಾಲಾ, ಹತ್ತು ವರ್ಷದಿಂದ ಮೋಟು ಸ್ಟಡ್ಡಲ್ಲೇ ಗೋಲ್ ಹೊಡೀತಿದೀನಿ. ಅದೇ ಸಾಕು."

ಮೂರ್ಖನ ಹತ್ತಿರ ವಾದ ಯಾಕೆ? ಉದ್ದ ಸ್ಟಡ್ಡಿನ ಇನ್ನೊಂದು ಜೊತೆ ಬೂಟು ಅವನ ಬ್ಯಾಗಿನ ತಳಕ್ಕೆ ತುರುಕಿದೆ.

ಮೊದಲ ಮ್ಯಾಚಲ್ಲಿ ಜಾರಿ ಜಾರಿ ಬಿದ್ದನಂತೆ. ಎರಡನೇದರಲ್ಲಿ ನಾನಿಟ್ಟ ಬೂಟು ಹಾಕ್ಕೊಂಡು ಎರಡು ಗೋಲ್ ಹೊಡೆದನಂತೆ.

ಊರಿಗೆ ಬಂದವನೇ ಅದೇ ಬೂಟಲ್ಲಿ ಅಂಗಡಿಗೆ ಬಂದ. "ಖಾಲಾ, ಇನ್ಮೇಲೆ ಸಾಯೋವರೆಗೂ ಇದೇ!"

ನಾನು ಉಳಿ ಕೈಗೆತ್ತಿಕೊಂಡೆ. "ನಾಳೆ ಮ್ಯಾಚ್ ಎಲ್ಲಿ? ಇಲ್ಲೇ ಜಲ್ಲಿ ಮೇಲೆ ತಾನೇ? ಬಿಚ್ಚು ಬೂಟು!"